ನಗುವಿಗೆ ಬಿಟ್ಟ ಜಾಗ

ಡಾಕ್ಟರ ಮೇಜಿನ ಮೇಲೆ, ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸಲಿಕ್ಕೆಂದು ಇಟ್ಟಿದ್ದ ದೊಡ್ಡ ಪ್ಲಾಸ್ಟಿಕ್ ದವಡೆ ಬಾಯಿ ತೆರೆದುಕೊಂಡು ಕೂತಿತ್ತು. ಅದರ ಎಡಗಡೆಯ ಕೋರೆಹಲ್ಲನ್ನು ಯಾರೋ ತಂದು ಬಲಗಡೆಗೆ ಅಂಟಿಸಿದ್ದರು. ಮೊದಲ ಸಲ ಬಂದಾಗಲೇ ಅದು ಅವಳ ಕಣ್ಣಿಗೆ ಬಿದ್ದಿತ್ತು. ಆದರೆ ಕೆಲಸ ಕೇಳಿಕೊಂಡು ಬಂದವಳು ಕೆಲಸ ಕೊಡುವವರ ಮೇಜಿನ ಮೇಲಿನ ಹುಳುಕು ಎತ್ತಿ ಆಡಬಾರದೆಂದು ಸುಮ್ಮನಿದ್ದಳು. ಆವತ್ತು ಅದು ವಿನಯವಾಗಿತ್ತು. ಇವತ್ತು ಅದೇ ಮೌನ ಹೇಡಿತನ ಅನ್ನಿಸುತ್ತಿತ್ತು, ಯಾಕೆಂದರೆ ಎದುರಿಗೆ ಕೂತ ಚಿಕ್ಕ ವಯಸ್ಸಿನ ಡಾಕ್ಟರು ಅವಳ ಮುಖ ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದರು. ಹೋದ ವಾರ ಇದೇ ಡಾಕ್ಟರು ಅವಳು ಪರೀಕ್ಷೆಗೆಂದು ಮೇಣದಲ್ಲಿ ಜೋಡಿಸಿಕೊಟ್ಟ ಹಲ್ಲಿನ ಸಾಲನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, “ಇದು ಜೋಡಿಸಿದ್ದಲ್ಲ ಮೇಡಂ, ಬಾಯಲ್ಲೇ ಹುಟ್ಟಿದ್ದು,” ಎಂದಿದ್ದರು. ಸೋಮವಾರ ಬಂದುಬಿಡಿ, ಹಿಂದಿನ ರೂಮನ್ನು ನಿಮಗೆಂದೇ ಖಾಲಿ ಮಾಡಿಸುತ್ತೇನೆ, ಎಂದಿದ್ದರು. ಅವಳು ಸೋಮವಾರ ಬಂದಿದ್ದಳು. ರೂಮು ಖಾಲಿಯಾಗಿಯೇ ಇತ್ತು. ಡಾಕ್ಟರ ಮುಖವೂ ಹಾಗೇ ಇತ್ತು.

“ಸ್ವಲ್ಪ ನೋಡಿ ತಿಳಿಸ್ತೀವಿ ಮೇಡಂ.”

“ನನ್ನ ಹಳೇ ಮಾಲೀಕರಿಗೆ ಫೋನ್ ಮಾಡಿದ್ರಾ?”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಮಾಡಿದ್ದೆ. ಎಲ್ಲರ ವಿಷಯಕ್ಕೂ ಮಾಡ್ತೀವಿ, ನಿಮಗೆ ಮಾತ್ರ ಅಂತಲ್ಲ.”

“ಏನಂದರು?”

“ಏನೂ ಅನ್ನಲಿಲ್ಲ.”

“ಏನೂ ಅನ್ನದೆ ಇದ್ದಿದ್ದಕ್ಕೆ ಬೇಡ ಅಂತೀರಾ?”

“ನಿಜವಾಗಲೂ ಏನೂ ಅನ್ನಲಿಲ್ಲ ಮೇಡಂ. ನಿಮ್ಮ ಹೆಸರು ಹೇಳಿದೆ. ನಕ್ಕರು. ಹೇಗೆ ಕೆಲಸ ಅಂತ ಕೇಳಿದೆ. ಇನ್ನೂ ಜೋರಾಗಿ ನಕ್ಕರು. ‘ಅವರಾ? ನೀವೇ ನೋಡಿ ಡಾಕ್ಟ್ರೇ,’ ಅಂದರು. ಅಷ್ಟೆ.” ಡಾಕ್ಟರು ಈಗ ಮೊದಲ ಸಲ ಅವಳ ಮುಖ ನೋಡಿದರು. ಆ ನೋಟದಲ್ಲಿ ಅನುಮಾನಕ್ಕಿಂತ ಹೆಚ್ಚಾಗಿ ಕುತೂಹಲವಿತ್ತು. ಇಷ್ಟು ನಗುವಂಥದ್ದು ಈ ಹೆಂಗಸು ಏನು ಮಾಡಿರಬಹುದು ಎಂಬ ಕುತೂಹಲ. “ನನ್ನ ಜೊತೆ ಇನ್ನೂ ಇಬ್ಬರು ಪಾಲುದಾರರಿದ್ದಾರೆ. ಅವರಿಗೆ ಏನಂತ ಹೇಳಲಿ?”

ಅವಳು ಎದ್ದಳು. ಏಳುವಾಗ, ತನಗೇ ಗೊತ್ತಿಲ್ಲದಂತೆ, “ಥ್ಯಾಂಕ್ಸ್,” ಎಂದಳು. ಮೆಟ್ಟಿಲು ಇಳಿದು ರಸ್ತೆಗೆ ಬಂದ ಮೇಲೂ ಆ ಒಂದು ಮಾತು ಚಪ್ಪಲಿಗೆ ಮೆತ್ತಿಕೊಂಡ ಚೂಯಿಂಗ್ ಗಮ್ಮಿನ ಹಾಗೆ ಹೆಜ್ಜೆಹೆಜ್ಜೆಗೂ ಅಂಟುತ್ತಿತ್ತು. ಯಾವುದಕ್ಕೆ ಥ್ಯಾಂಕ್ಸ್? ಕಪಾಳಕ್ಕೆ ಹೊಡೆಸಿಕೊಂಡು ಕೈ ನೋಯಿತೇ ಎಂದು ಕೇಳುವ ಜಾತಿ ನಾನು, ಅಂದುಕೊಂಡಳು. ಹಳೇ ಮಾಲೀಕ ಬೈದಿದ್ದರೆ ಚೆನ್ನಾಗಿತ್ತು. ಕಳ್ಳಿ ಅಂದಿದ್ದರೆ, ಸೋಮಾರಿ ಅಂದಿದ್ದರೆ, ಎದುರು ನಿಂತು ಏನು ಕದ್ದೆ ತೋರಿಸು ಎನ್ನಬಹುದಿತ್ತು. ಅಡ್ಡಗೋಡೆ ಮೇಲೆ ದೀಪ ಇಡುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಇವನು ದೀಪವನ್ನೂ ಇಟ್ಟಿರಲಿಲ್ಲ, ಕತ್ತಲೆಯಲ್ಲಿ ನಿಂತು ನಕ್ಕಿದ್ದ. ಮಾಲೀಕನನ್ನು ಅವಳು ಬಾಯಲ್ಲಿ ಯಾವತ್ತೂ ಬಹುವಚನದಲ್ಲೇ ಕರೆದದ್ದು, ಮನಸ್ಸಿನಲ್ಲಿ ಯಾವತ್ತೂ ಏಕವಚನದಲ್ಲೇ. ಎರಡರ ನಡುವೆ ಇಷ್ಟು ವರ್ಷ ಓಡಾಡಿ ಸವೆದವಳು ತಾನು.

ಬಸ್ಸಿನಲ್ಲಿ ಎದುರು ಸೀಟಿನ ಮುದುಕ ಆಕಳಿಸಿದ. ಕೆಳಗಿನ ಸಾಲು ಸ್ವಂತದ್ದು, ಮೇಲಿನದು ಮಾಡಿಸಿದ್ದು, ಅದೂ ಕೆಟ್ಟದಾಗಿ. ಬೇಲಿಗೆ ಸುಣ್ಣ ಹೊಡೆದಂತೆ ಎಲ್ಲ ಹಲ್ಲೂ ಒಂದೇ ಬಿಳುಪು, ಒಂದೇ ಎತ್ತರ. ದೇವರು ಎಲ್ಲಿಯೂ ಇಷ್ಟು ನೇರವಾಗಿ ಕೆಲಸ ಮಾಡಿದವನಲ್ಲ. ಅವಳ ಕಸುಬಿನ ಗುಟ್ಟೇ ಅದು, ತಪ್ಪನ್ನು ಅಳತೆಯಿಟ್ಟು ಮಾಡುವುದು. ಮುಂದಿನ ಹಲ್ಲೊಂದನ್ನು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಬೇಕು, ಪಕ್ಕದ್ದರ ತುದಿಯನ್ನು ಚೂರು ಸವೆಸಬೇಕು, ಬುಡದಲ್ಲಿ ಚಹಾದ ಕಲೆ ಕಂಡೂ ಕಾಣದಂತೆ ಕೂರಿಸಬೇಕು. ಆಗ ಅದು ಹಲ್ಲು. ಇಲ್ಲದಿದ್ದರೆ ಅಂಗಿಯ ಗುಂಡಿ. ಹಳೇ ಮಾಲೀಕನ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಅವಳ ಕೈಯಿಂದ ಹೋದ ಸಾಲುಗಳು ಎಷ್ಟೋ ಬಾಯಿಗಳಲ್ಲಿ ಈ ಕ್ಷಣ ಅಗಿಯುತ್ತಿದ್ದವು, ಸುಳ್ಳು ಹೇಳುತ್ತಿದ್ದವು, ಮುತ್ತಿಡುತ್ತಿದ್ದವು. ಆದರೆ ಅವಳ ಜೀವಮಾನದ ಕೆಲಸ ಅಂದರೆ ಒಂದೇ. ಅದನ್ನು ಅವಳು ಯಾರಿಗೂ ತೋರಿಸುವ ಹಾಗಿರಲಿಲ್ಲ.

ವರ್ಷಗಳ ಹಿಂದೆ ಮಾಲೀಕ ನಗುತ್ತಿರಲಿಲ್ಲ. ಗಂಟುಮೋರೆಯವನು ಎಂದೇ ಹೆಸರು. ಮಾತಾಡುವಾಗ ಬೆರಳು ಮೀಸೆಯ ಮೇಲೆ, ಅಂಗೈ ಬಾಯಿಯ ಮುಂದೆ. ಅದನ್ನು ಗಾಂಭೀರ್ಯ ಎಂದುಕೊಂಡು ಲ್ಯಾಬಿನವರೆಲ್ಲ ಹೆದರುತ್ತಿದ್ದರು. ಅವಳಿಗೆ ಮಾತ್ರ ಗೊತ್ತಾಗಿತ್ತು. ಒಸಡು ಕೊಳೆಯುವಾಗ ಬರುವ ವಾಸನೆಯನ್ನು ಲವಂಗದ ಎಣ್ಣೆಯಿಂದ ಮುಚ್ಚಬಹುದು, ಅದೇ ಕಸುಬಿನವರ ಮೂಗನ್ನು ಮುಚ್ಚಲಾಗುವುದಿಲ್ಲ. ಊರಿಗೆಲ್ಲ ಹಲ್ಲು ಮಾರುವವನ ಬಾಯಲ್ಲಿ ಹಲ್ಲು ಒಂದೊಂದಾಗಿ ಅಲುಗಾಡುತ್ತಿತ್ತು. ವಾರದ ರಜೆಯ ದಿನ, ಶೆಟರ್ ಅರ್ಧ ಇಳಿಸಿ, ಅವಳೊಬ್ಬಳನ್ನೇ ಬರಹೇಳಿದ್ದ. ದೂರದ ಯಾವುದೋ ಊರಿಗೆ ಹೋಗಿ ಮೇಲಿನವನ್ನೆಲ್ಲ ಕೀಳಿಸಿಕೊಂಡು, ಕೆನ್ನೆ ಒಳಗೆ ಹೋದ ಮುಖವನ್ನು ಟವೆಲಿನಲ್ಲಿ ಮುಚ್ಚಿಕೊಂಡು ಕೂತಿದ್ದ. ಹೆಂಡತಿಗೆ ಗೊತ್ತಾ ಎಂದು ಅವಳು ಕೇಳಿದಳು. ಇಲ್ಲವೆಂದು ತಲೆಯಾಡಿಸಿದ. ಅವನ ಬಾಯೊಳಗೆ ಬೆರಳಿಟ್ಟು ಅಳತೆ ತೆಗೆದಾಗ ಅವಳಿಗೆ ಅಸಹ್ಯವಾಗಿರಲಿಲ್ಲ, ಕನಿಕರವೂ ಆಗಿರಲಿಲ್ಲ, ಒಂದು ಬಗೆಯ ಒಡೆತನ ಅನ್ನಿಸಿತ್ತು. ರಜೆಯ ಮೇಲೆ ರಜೆ ಕಳೆಯಿತು. ಮೇಣದ ಸಾಲನ್ನು ಬಾಯಲ್ಲಿಟ್ಟು, “ಈಗ ನಗಿ ಸರ್,” ಅಂದರೆ ಅವನಿಗೆ ನಗಲು ಬರುತ್ತಿರಲಿಲ್ಲ. ಹಲ್ಲುಗಳನ್ನು ಹೊತ್ತು ಅಂಗುಳಕ್ಕೆ ಕೂರುವ ಮೇಲಿನ ಪ್ಲೇಟಿನ ಅಂಚಿಗೆ ನಗುವೇ ಅಳತೆ. ಅಂಚು ಎಳೆಯಷ್ಟು ಉದ್ದವಾದರೂ ತುಟಿ ಮೇಲೇರಿದಾಗ ಒಳಗಿನ ಸ್ನಾಯು ಅದನ್ನು ಕೆಳಕ್ಕೆ ತಳ್ಳಿಬಿಡುತ್ತದೆ. ಊಟಕ್ಕೆ ನಿಲ್ಲುತ್ತದೆ, ಮಾತಿಗೆ ನಿಲ್ಲುತ್ತದೆ, ನಕ್ಕರೆ ಬೀಳುತ್ತದೆ. ಆದ್ದರಿಂದ ಅಂಚಿಗೆ ಸವರುವ ಹಿಟ್ಟಿನಂಥ ಮಸಾಲೆ ಮೆತ್ತಗಿರುವಾಗಲೇ ನಗಿಸಬೇಕು, ಮನಸಾರೆ. ಅವಳು ತನಗೆ ಗೊತ್ತಿದ್ದ ಜೋಕುಗಳನ್ನೆಲ್ಲ ಹೇಳಿದ್ದಳು. ಅವಳಿಗೆ ಜೋಕು ಹೇಳಲು ಬರುವುದಿಲ್ಲ, ಕೊನೆಯ ಸಾಲನ್ನು ಮೊದಲು ಹೇಳಿಬಿಡುತ್ತಾಳೆ. ಆ ಪೆಚ್ಚುತನಕ್ಕೇ ಅವನು ನಕ್ಕ. ನಕ್ಕೇ ನಕ್ಕ. ಅವಳು ಆ ನಗುವಿಗೆ ಬೇಕಾದಷ್ಟು ಜಾಗ ಬಿಟ್ಟು ಅಂಚನ್ನು ಸವೆಸಿದಳು.

ಆಮೇಲೆ ಮಾಲೀಕ ಬೇರೆಯೇ ಮನುಷ್ಯನಾದ. ಮೀಸೆ ಬೋಳಿಸಿದ. ವ್ಯಾಪಾರದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ನಕ್ಕ, ಫೋಟೋಗಳಲ್ಲಿ ನಕ್ಕ, ಫೋನಿನಲ್ಲಿ ನಕ್ಕ. ಈ ವಯಸ್ಸಿನಲ್ಲೂ ಸರ್ ಹಲ್ಲು ನೋಡಿ, ಸ್ವಂತ ಹಲ್ಲು ಅಂದರೆ ಇದು, ಎಂದು ಜನ ಅವಳಿಗೇ ತೋರಿಸಿ ಹೇಳುತ್ತಿದ್ದರು. ಅವಳು ಹೌದೆನ್ನುತ್ತಿದ್ದಳು. ಅವಳ ಹೆಮ್ಮೆ ಎಂಥದ್ದೆಂದರೆ, ಅದು ತನ್ನದೆಂದು ಹೇಳಿದ ಕ್ಷಣ ಕೆಲಸ ಕೆಡುತ್ತಿತ್ತು. ಯಾರಿಗೂ ತಿಳಿಯದೆ ಇರುವುದೇ ಅದರ ಮೇಲ್ಮೆ. ಮತ್ತೆ, ಬೇರೊಂದು ದಿನ, ಚಹಾದ ಹೊತ್ತಿನಲ್ಲಿ, ಎಲ್ಲರೂ ನಿಂತಿದ್ದಾಗ, ಅವಳೇ ಕೆಲಸ ಕಲಿಸಿದ ಹುಡುಗಿಯನ್ನು ಮೇಲ್ವಿಚಾರಕಿ ಮಾಡುತ್ತೇನೆಂದು ಅವನು ಹೇಳಿದಾಗ, ಅವಳು ಕಪ್ಪು ಕೆಳಗಿಟ್ಟು, “ನನ್ನನ್ನ ಯಾಕೆ ಮಾಡಬಾರದು ಸರ್?” ಎಂದು ಕೇಳಿದ್ದಳು. “ನಿನ್ನನ್ನಾ?” ಎಂದು ಅವನು ನಕ್ಕ. ತಲೆ ಹಿಂದಕ್ಕೆ ಹಾಕಿ, ಅಷ್ಟೂ ಹಲ್ಲು ತೋರಿಸಿ. ಉಳಿದವರೂ ನಕ್ಕರು. ನಗದಿದ್ದರೆ ಕೆಲಸಕ್ಕೆ ಕುತ್ತು ಬಂದೀತೆಂದು ನಕ್ಕರು. ಅವಳ ಕಿವಿಯಲ್ಲಿ ರಕ್ತ ಗುಯ್ಯೆನ್ನುತ್ತಿತ್ತು. ಆದರೂ ಕಣ್ಣು ಮಾತ್ರ ಅವನ ಬಾಯಿಯ ಮೇಲೇ ಇತ್ತು, ಪ್ಲೇಟು ಒಂದಿಷ್ಟೂ ಕದಲಲಿಲ್ಲ ಎಂಬುದನ್ನು ಗಮನಿಸಿತ್ತು. ಅಷ್ಟು ಅಪಮಾನದ ನಡುವೆಯೂ, ಥೂ, ಒಂದು ಚಿಟಿಕೆ ಸಂತೋಷವಾಗಿತ್ತು. ಮಾರನೇ ದಿನದಿಂದ ಅವಳು ಕೆಲಸಕ್ಕೆ ಹೋಗಲಿಲ್ಲ.

ಮನೆಯೆಂದರೆ ಅಣ್ಣನ ಮನೆ. ಅವಳ ಕೋಣೆಯೆಂದರೆ ಇಸ್ತ್ರಿ ಮೇಜು, ಅಣ್ಣ ತೂಕ ಇಳಿಸಲೆಂದು ತಂದು ಬಟ್ಟೆ ಒಣಹಾಕಲು ಬಳಸುವ ಸೈಕಲ್ಲು, ಮತ್ತು ಅವೆರಡೂ ಬಿಟ್ಟುಕೊಟ್ಟ ಜಾಗದಲ್ಲಿ ಅವಳ ಮಂಚ. ಅತ್ತಿಗೆ ಬಟಾಣಿ ಸುಲಿಯುತ್ತಾ ಟೀವಿಯ ಮುಂದೆ ಕೂತಿದ್ದಳು. ಅತ್ತಿಗೆ ಕೆಟ್ಟವಳಲ್ಲ. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಎದುರುತ್ತರ ಕೊಟ್ಟು ಹೊರಬೀಳಬಹುದಿತ್ತು.

“ಸಿಕ್ತಾ?” ಎಂದಳು ಅತ್ತಿಗೆ, ಟೀವಿಯಿಂದ ಕಣ್ಣು ತೆಗೆಯದೆ.

“ತಿಳಿಸ್ತಾರಂತೆ.”

“ತಿಳಿಸ್ತೀವಿ ಅಂದರೆ ಇಲ್ಲ ಅಂತ. ನಿಮ್ಮಣ್ಣ ನೋಡೋಕೆ ಬರೋದಕ್ಕೆ ಮುಂಚೆ ನನ್ನನ್ನ ನೋಡಿಕೊಂಡು ಹೋದವರೆಲ್ಲ ತಿಳಿಸ್ತೀವಿ ಅಂದಿದ್ದರು.” ಒಂದು ಬಟಾಣಿ ಹಾರಿ ಸೋಫಾದ ಕೆಳಗೆ ಹೋಯಿತು. “ಏನಂತೆ ಕಾರಣ?”

“ಹಳೇ ಮಾಲೀಕ ಫೋನಲ್ಲಿ ನಕ್ಕನಂತೆ.”

ಅತ್ತಿಗೆ ಟೀವಿಯ ಸದ್ದು ಕಡಿಮೆ ಮಾಡಿದಳು. ಇದು ಅವಳ ಮಟ್ಟಿಗೆ ದೊಡ್ಡ ಗೌರವ. “ನಕ್ಕನಾ? ಬರೀ ನಕ್ಕನಾ? ಏನೂ ಹೇಳದೇನೇ?” ಸ್ವಲ್ಪ ಯೋಚಿಸಿ, “ನೋಡು, ಬೇಜಾರು ಮಾಡಿಕೋಬೇಡ. ಗಂಡಸು ಒಂದು ಹೆಂಗಸಿನ ಹೆಸರು ಕೇಳಿ ಹಾಗೆ ನಕ್ಕರೆ ಜನ ಒಂದೇ ಅರ್ಥ ಮಾಡೋದು,” ಎಂದಳು.

“ಛೆ, ಅವನ ಮುಖಕ್ಕೆ.”

“ನಿನಗೆ ಗೊತ್ತು, ನನಗೆ ಗೊತ್ತು. ಆ ಡಾಕ್ಟರಿಗೆ ಗೊತ್ತಾ?” ಅತ್ತಿಗೆ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಮಾತು ಎಲ್ಲಿಗೆ ಹೊರಳುತ್ತಿದೆಯೆಂದು ನಾದಿನಿಗೆ ಗೊತ್ತಾಯಿತು. “ಹೋಗಲಿ ಬಿಡು. ನಮ್ಮಮ್ಮನ ಸೊಂಟದ ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಆದ ಮೇಲೆ ಇಲ್ಲಿಗೇ ಕರಕೊಂಡು ಬರೋಣ ಅಂತಾರೆ ನಿಮ್ಮಣ್ಣ. ಆಯಾ ಇಟ್ಟರೆ ಅಮ್ಮನಿಗೆ ಹೊಂದಲ್ಲ. ನೀನು ಹೇಗಿದ್ದರೂ ಮನೇಲೇ ಇರ್ತೀಯ.”

ಹೇಗಿದ್ದರೂ. ಆ ಪದ ಬಟಾಣಿಯ ಹಾಗೆ ಉರುಳಿ ಬಂದು ಅವಳ ಕಾಲ ಬಳಿ ನಿಂತಿತು. ಬೆಡ್‌ಪ್ಯಾನು, ಬಿಸಿನೀರು, ಹೊತ್ತುಹೊತ್ತಿನ ಮಾತ್ರೆ, ಮತ್ತು ಸಂಜೆ ಬಂದವರ ಎದುರು ‘ನಮ್ಮ ನಾದಿನಿ ಇದ್ದಾಳಲ್ಲ, ಅವಳಿದ್ದರೆ ನನಗೆ ಚಿಂತೆಯಿಲ್ಲ’ ಎಂಬ ಹೊಗಳಿಕೆ. ಒಂದು ಸಲ ಆ ಮಂಚದ ಪಕ್ಕ ಕೂತರೆ ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮುದುಕಿ ಎದ್ದು ಓಡಾಡಿದರೂ ತಾನು ಏಳುವುದಿಲ್ಲ. ಬೆರಳುಗಳು ನಿಧಾನಕ್ಕೆ ಕಸುಬು ಮರೆಯುತ್ತವೆ. “ಯಾವಾಗ ಬರ್ತಾರೆ?” ಎಂದು ಕೇಳಿದಳು. ತನ್ನ ದನಿ ಇಷ್ಟು ಮೆತ್ತಗೆ ಯಾಕಿದೆ ಎಂದು ತನ್ನ ಮೇಲೇ ರೇಗಿತು.

“ಈ ತಿಂಗಳು ಮುಗಿಯೋದರೊಳಗೆ. ಅಷ್ಟರಲ್ಲಿ ನಿನಗೆ ಕೆಲಸ ಸಿಕ್ಕಿದರೆ ಬೇರೆ ಮಾತು,” ಎಂದು ಅತ್ತಿಗೆ ಟೀವಿಯ ಸದ್ದು ಹೆಚ್ಚಿಸಿದಳು.

ಕಾರ್ಮಿಕ ಸಂಘದ ಕಚೇರಿಯಲ್ಲಿ ಕೆಲಸಗಾರರಿಗೆ ಬಿಟ್ಟಿ ಕಾನೂನು ಸಲಹೆ ಕೊಡುತ್ತಾರೆಂದು ಎಲ್ಲೋ ಓದಿದ್ದಳು. ಮರುದಿನ ಹೋದಳು. ವಕೀಲೆ ದಪ್ಪ ಕನ್ನಡಕದ ಹೆಂಗಸು, ಕೆಮ್ಮಿನ ಮಿಠಾಯಿಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸುತ್ತಾ ಕೇಳಿಸಿಕೊಂಡಳು. ಮಿಠಾಯಿ ಹಲ್ಲಿಗೆ ತಗಲುವ ಸದ್ದಿನಲ್ಲೇ ಅವಳಿಗೆ ವಕೀಲೆಯ ಹಿಂದಿನ ದವಡೆಹಲ್ಲಿಗೆ ಹಾಕಿದ ಟೊಪ್ಪಿಗೆಯಂಥ ಕವಚದ ಎತ್ತರ ಹೆಚ್ಚಾಗಿದೆಯೆಂದು ತಿಳಿಯಿತು. ತನ್ನ ಮೇಲೆ ತನಗೆ ನಗು ಬಂತು. ಮುಳುಗುವವಳು ದೋಣಿಯ ಬಣ್ಣ ಸರಿಯಿಲ್ಲ ಅನ್ನುತ್ತಿದ್ದಾಳೆ.

“ನೋಡಮ್ಮ,” ಎಂದಳು ವಕೀಲೆ, “ನಿಮ್ಮ ಹಳೇ ಮಾಲೀಕ ನಿಮ್ಮನ್ನ ಹೊಗಳಲೇಬೇಕು ಅಂತ ಎಲ್ಲೂ ಇಲ್ಲ. ಕೇಳಿದವರಿಗೆ ಉತ್ತರ ಕೊಡಲೇಬೇಕು ಅಂತಾನೂ ಇಲ್ಲ. ಆದರೆ ಕೊಟ್ಟರೆ ಸುಳ್ಳು ಹೇಳಬಾರದು. ಕದಿಯದವಳನ್ನ ಕದ್ದಳು ಅಂದರೆ, ಬೇಕು ಅಂತಲೇ ನಿಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಅಂದರೆ, ಅಲ್ಲಿ ಹಿಡೀಬಹುದು. ಏನಂದ?”

“ನಕ್ಕರು.”

“ಆಮೇಲೆ?”

“ನೀವೇ ನೋಡಿ ಅಂದರು.”

ಮಿಠಾಯಿ ನಿಂತಿತು. “ಅದು ಸುಳ್ಳಲ್ಲವಲ್ಲ. ಯಾರು ಬೇಕಾದರೂ ನೋಡಬಹುದು.” ವಕೀಲೆ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದಳು. “ಬುದ್ಧಿವಂತ. ಬಾಯಿ ಬಿಟ್ಟು ಆಡಿದ ಮಾತಾಗಿದ್ದರೆ ಆ ಡಾಕ್ಟರ ಹತ್ತಿರ ಹೇಳಿಕೆ ತಗೋಬಹುದಿತ್ತು. ಕೊಡ್ತಾರೆ ಅಂತಲ್ಲ, ಯಾರೂ ಕೊಡಲ್ಲ. ಆದರೂ ಕೇಳಬಹುದಿತ್ತು. ನಗುವನ್ನ ನಾನು ಎಲ್ಲಿ ಅಂತ ಬರೀಲಿ? ನ್ಯಾಯಾಧೀಶರ ಮುಂದೆ ನಾನು ನಕ್ಕು ತೋರಿಸಲಾ?”

“ಹಾಗಾದರೆ ನನಗೆ ಹಕ್ಕು ಅಂತ ಏನೂ ಇಲ್ಲವಾ?”

“ಯಾಕಿಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಕೆಲಸ ಮಾಡಿದಳು ಅಂತ ಬರಕೊಡಿ ಅಂತ ಕೇಳೋ ಹಕ್ಕಿದೆ. ಬರಕೊಡ್ತಾನೆ. ನೀವು ಅದನ್ನ ಹಿಡ್ಕೊಂಡು ಹೋಗ್ತೀರಿ. ಅವರು ಅದನ್ನ ಓದಿ ಮತ್ತೆ ಅವನಿಗೇ ಫೋನ್ ಮಾಡ್ತಾರೆ.” ಅವಳು ಎದ್ದು ನಿಂತ ಮೇಲೆ ವಕೀಲೆ ದನಿ ತಗ್ಗಿಸಿ ಕೇಳಿದಳು, “ಅಲ್ಲ, ಇಷ್ಟು ವರ್ಷ ಅವನ ಜೊತೆ ಕೆಲಸ ಮಾಡಿದೀರಿ. ಅವನದ್ದೂ ಒಂದು ಹುಳುಕು ನಿಮಗೆ ಗೊತ್ತಿಲ್ಲವಾ?”

“ಇಲ್ಲ,” ಎಂದಳು ಅವಳು. ಅಷ್ಟು ಬೇಗ ಹೇಳಿದ್ದಕ್ಕೆ ತಾನೇ ಬೆಚ್ಚಿದಳು.

ದಾರಿಯುದ್ದಕ್ಕೂ ಆ ‘ಇಲ್ಲ’ವನ್ನು ತಿರುಗಿಸಿ ನೋಡಿದಳು. ನಿಯತ್ತೇ ಇದು? ನಾಯಿಗೂ ಇರುತ್ತದೆ ನಿಯತ್ತು, ಅದನ್ನು ಯಾರೂ ಮೇಲ್ವಿಚಾರಕಿ ಮಾಡುವುದಿಲ್ಲ. ಡಾಕ್ಟರ ಮುಂದೆ ಹೇಳಿಬಿಡಬಹುದಿತ್ತು, ನಿಮ್ಮ ಕಿವಿಗೆ ಬಿದ್ದ ಆ ನಗು ನಾನು ಮಾಡಿದ್ದು, ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನನ್ನ ಹತ್ತಿರ ಇಲ್ಲ, ಎಂದು. ಆಮೇಲೆ? ರೋಗಿಯ ಬಾಯಿಯ ಗುಟ್ಟನ್ನು ರಸ್ತೆಗೆ ತಂದವಳನ್ನು ಯಾವ ಕ್ಲಿನಿಕ್ಕು ಒಳಗೆ ಬಿಟ್ಟುಕೊಳ್ಳುತ್ತದೆ? ಮಾಲೀಕನಿಗೆ ಇದೆಲ್ಲ ಗೊತ್ತಿತ್ತು. ತನ್ನ ಬರಿದಾದ ಬಾಯನ್ನು ನೋಡಿದ ಒಬ್ಬಳೇ ಒಬ್ಬಳು ಈ ಕಸುಬಿನಲ್ಲಿ ಎಲ್ಲೂ ನೆಲೆ ನಿಲ್ಲಬಾರದು, ನಿಂತರೂ ಅವಳ ಮಾತನ್ನು ಯಾರೂ ನಂಬಬಾರದು. ಅದಕ್ಕೆ ಬೈಗುಳ ಸಾಲದು, ನಗೆಪಾಟಲೇ ಆಗಬೇಕು. ಇಷ್ಟು ಅರ್ಥವಾದದ್ದು ಸಿಗ್ನಲ್ಲಿನಲ್ಲಿ ನಿಂತಿದ್ದಾಗ. ದೀಪ ಹಸಿರಾಗಿ, ಮತ್ತೆ ಕೆಂಪಾಗಿ, ಜನ ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು.

ಲ್ಯಾಬಿಗೆ ವಾರದ ರಜೆಯ ದಿನವೇ ಹೋದಳು. ಆ ದಿನ ಅವನೊಬ್ಬನೇ ಬಂದು ಕೂರುತ್ತಾನೆಂದು ಅವಳಿಗೆ ಗೊತ್ತಿತ್ತು. ಅವನ ಮರ್ಯಾದೆಗೆ ಅನುಕೂಲವಾಗುವ ದಿನವನ್ನು ತಾನೇ ಹುಡುಕಿ ಬಂದಿದ್ದೇನೆ ಎಂಬುದು ಶೆಟರಿನ ಕೆಳಗೆ ಬಗ್ಗುವಾಗ ಹೊಳೆಯಿತು. ಬೆನ್ನು ಬಗ್ಗಿಸಿಯೇ ಒಳಗೆ ಬರುವಂಥ ಬಾಗಿಲು. ಒಳಗೆ ಅದೇ ಪ್ಲಾಸ್ಟರಿನ ಧೂಳು, ಕರಗಿದ ಮೇಣದ ಅದೇ ವಾಸನೆ. ಅವಳ ಮೇಜಿನ ಮೇಲೆ ಬೇರೆ ಯಾರದೋ ಚಹಾದ ಕಪ್ಪು, ಅದರ ಪಕ್ಕ ಅವಳೇ ಹಿಡಿಗೆ ದಾರ ಸುತ್ತಿದ, ಮೇಣ ಕೆತ್ತುವ ಅವಳ ಹಳೆಯ ಚಾಕು.

“ಓಹೋ,” ಎಂದ ಮಾಲೀಕ, ಗಾಜಿನ ಕೋಣೆಯಿಂದ. “ಬಾ, ಬಾ. ದಾರಿ ತಪ್ಪಿ ಬಂದೆಯಾ?”

ಅವನ ಮೈ ಇಳಿದುಹೋಗಿತ್ತು. ಕತ್ತಿನ ಪಟ್ಟಿ ಸಡಿಲವಾಗಿತ್ತು. ಮೈ ಇಳಿದರೆ ಒಸಡೂ ಇಳಿಯುತ್ತದೆ ಎಂದು ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಅವನ ಮಾತಿನ ಕೊನೆಗೊಂದು ಟಿಕ್ ಎಂಬ ಸದ್ದಿತ್ತು, ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣದು.

“ಕ್ಲಿನಿಕ್ಕಿನವರು ಫೋನ್ ಮಾಡಿದಾಗ ನಕ್ಕಿರಂತೆ ಸರ್.”

“ನಕ್ಕರೆ ತಪ್ಪಾ? ನಾನು ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಿದೀನಾ, ಕೇಳು ಅವರನ್ನ. ನನಗೂ ಕಾನೂನು ಗೊತ್ತು. ಸರ್ಟಿಫಿಕೇಟ್ ಬೇಕಾ? ಈಗಲೇ ಬರಕೊಡ್ತೀನಿ. ಬಂದ ದಿನ, ಹೋದ ದಿನ, ಮಾಡಿದ ಕೆಲಸ. ಹೋದ ದಿನ ಯಾವುದು? ಒಂದು ಮಾತೂ ಹೇಳದೆ ಹೋದೆಯಲ್ಲ, ಮೇಲ್ವಿಚಾರಕಿ ಅಮ್ಮನವರು,” ಎಂದು ಅವನು ನಕ್ಕ. ತಲೆ ಹಿಂದಕ್ಕೆ ಹೋಯಿತು, ತುಟಿ ಮೇಲೇರಿತು, ಮತ್ತು ಮೇಲಿನ ಸಾಲು ಪೂರ್ತಿ, ಅಂಗುಳದಿಂದ ಕಳಚಿ, ಕೆಳಗಿನ ಹಲ್ಲಿನ ಮೇಲೆ ಕಟಕ್ಕೆಂದು ಬಿತ್ತು.

ಅಂಗೈ ಬಾಯಿಗೆ ಹೋಯಿತು. ಎಷ್ಟೋ ವರ್ಷ ಹಿಂದಿನ ಅದೇ ಅಂಗೈ. ಇದೇ ಹೊತ್ತಿಗಾಗಿ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಅವಳಿಗೆ ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಒಂದೇ.

“ಯಾವಾಗಿನಿಂದ ಹೀಗೆ?”

“ಕೆಲವು ತಿಂಗಳಾಯ್ತು.” ಅವನು ಕೈ ತೆಗೆಯಲಿಲ್ಲ. “ಅಂಟು ಹಾಕ್ಕೊಂಡು ಓಡಾಡ್ತಿದೀನಿ. ಮಧ್ಯಾಹ್ನದ ಹೊತ್ತಿಗೆ ಬಿಡುತ್ತೆ.”

“ಯಾರಿಗಾದರೂ ತೋರಿಸಬಾರದಾ?”

“ಯಾರಿಗೆ ತೋರಿಸಲಿ?” ಎಂದ. ಆ ಪ್ರಶ್ನೆಯಲ್ಲಿ ಅವಳ ಮೇಲೆ ಸಿಟ್ಟಿತ್ತು, ಬಿಟ್ಟುಹೋದದ್ದು ಅವಳದೇ ತಪ್ಪೆಂಬಂತೆ.

“ಬಿಚ್ಚಿ ಕೊಡಿ.”

ಅವನು ಶೆಟರಿನ ಕಡೆ ನೋಡಿದ. ಅವಳು ಹೋಗಿ ಅದನ್ನು ಪೂರ್ತಿ ಎಳೆದು ಬಂದಳು. ಹಿಂತಿರುಗುವಾಗ ಅವನು ಗೋಡೆಯ ಕಡೆ ಮುಖ ಮಾಡಿದ್ದ, ಕೈ ಮಾತ್ರ ಹಿಂದಕ್ಕೆ ಚಾಚಿಕೊಂಡಿತ್ತು. ಅಂಗೈಯಲ್ಲಿ, ಎಂಜಲಿನ ಹೊಳಪಿನಲ್ಲಿ, ಅವಳ ಜೀವಮಾನದ ಕೆಲಸ. ತೊಳೆದು ದೀಪಕ್ಕೆ ಹಿಡಿದಳು. ಮುಂದಿನ ಹಲ್ಲಿನ ಆ ಒಂದಿಷ್ಟು ತಿರುವು, ಬುಡದ ಚಹಾದ ಕಲೆ. ಈಗ ನಿಜವಾದ ಚಹಾದ ಕಲೆಯೂ ಸೇರಿಕೊಂಡು, ಯಾವುದು ಅವಳದು ಯಾವುದು ಅವನದು ಗೊತ್ತಾಗುತ್ತಿರಲಿಲ್ಲ. ಪ್ಲೇಟಿನ ಒಳಮೈಯನ್ನು, ಅಂಚನ್ನು, ಹೊಸ ಮಸಾಲೆ ಹಿಡಿಯುವಂತೆ ಕೆರೆದಳು. ಕೈಗೆ ಕೆಲಸ ಸಿಕ್ಕಿದ್ದಕ್ಕೆ ಮೈಯೆಲ್ಲ ಹಗುರಾಯಿತು. ಇದಕ್ಕೂ ಅವಳಿಗೆ ನಾಚಿಕೆಯಾಯಿತು.

“ನಾನು ಕೆಲಸ ಕೆಡಿಸಿದೀನಾ ಸರ್?” ಎಂದು ಕೇಳಿದಳು, ಕೆರೆಯುತ್ತಲೇ.

ಅವನು ಇಲ್ಲವೆಂದು ತಲೆಯಾಡಿಸಿದ. ಹಲ್ಲಿಲ್ಲದೆ ಅವನು ಮಾತಾಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಕದ್ದಿದೀನಾ?”

ಇಲ್ಲ.

“ತಡವಾಗಿ ಬಂದಿದೀನಾ?”

ತಲೆ ಅತ್ತಿತ್ತ ತೂಗಿತು. ಒಂದೆರಡು ಸಲ ಬಂದಿದ್ದಳು, ನಿಜ. ಬಾಯಲ್ಲಿ ಹಲ್ಲಿಲ್ಲದಾಗ ಮನುಷ್ಯ ಎಷ್ಟು ಪ್ರಾಮಾಣಿಕ.

“ಮತ್ತೆ ಯಾಕೆ ನಕ್ಕಿರಿ?”

ಅವನು ಅವಳ ಕೈಯಲ್ಲಿದ್ದುದನ್ನು ನೋಡಿದ, ಅಷ್ಟೆ. ಅವಳು ಅಂದುಕೊಂಡದ್ದೇ ಸರಿಯಾಗಿತ್ತು. ಸರಿಯಾಗಿದ್ದರಿಂದ ಏನೂ ಸಮಾಧಾನ ಸಿಗಲಿಲ್ಲ. ಇಷ್ಟು ಸಣ್ಣ ಭಯದ ಕೆಳಗೆ ತನ್ನ ಇಷ್ಟು ದೊಡ್ಡ ಬದುಕು ಸಿಕ್ಕಿಬಿದ್ದಿತ್ತಲ್ಲ, ಅಂದುಕೊಂಡಳು.

ಮಸಾಲೆ ಕಲಸಿ, ಒಳಮೈಗೂ ಅಂಚಿಗೂ ಸವರಿ, ಅವನ ಬಾಯಲ್ಲಿ ಕೂರಿಸಿದಳು. “ಕಚ್ಚಿ.” ಕಚ್ಚಿದ. “ನುಂಗಿ.” ನುಂಗಿದ. “ಒಂದರಿಂದ ಹತ್ತು ಎಣಿಸಿ.” ಎಣಿಸಿದ. ಮಸಾಲೆ ಇನ್ನೂ ಮೆತ್ತಗಿತ್ತು. ಇದಾದ ಮೇಲೆ ಹೇಳಬೇಕಾದದ್ದು ಒಂದೇ ಒಂದು. ಕಸುಬು ಕಲಿತಾಗಿನಿಂದ ಅದನ್ನು ಬಿಟ್ಟವಳಲ್ಲ ಅವಳು. ಈಗ ನಗಿ ಸರ್. ಮಾತು ನಾಲಿಗೆಯ ತುದಿಗೆ ಬಂದಿತ್ತು, ಜೋಕೂ ಬಂದಿತ್ತು, ಕೊನೆಯ ಸಾಲೇ ಮೊದಲು. ಗೋಡೆಯ ಗಡಿಯಾರ ನೋಡಿದಳು. ಅವನು ಕಣ್ಣು ಮುಚ್ಚಿ, ಮಗುವಿನಂತೆ ತಲೆ ಹಿಂದಕ್ಕೊರಗಿಸಿ, ಅವಳು ಏನು ಹೇಳುತ್ತಾಳೋ ಎಂದು ಕಾದಿದ್ದ. ಅವಳು ಏನೂ ಹೇಳಲಿಲ್ಲ. ಮಸಾಲೆ ಬಿಸಿಯಾಯಿತು, ಬಿಗಿಯಾಯಿತು, ಕಲ್ಲಾಯಿತು. ನಗುವಿನ ಅಳತೆ ಸಿಗದ ಅಂಚು ತುಸು ಉದ್ದವಾಗಿಯೇ ಉಳಿಯಿತು. ತೆಗೆದು, ಬೇಡವಾದದ್ದನ್ನು ಕತ್ತರಿಸಿ, ಆ ಅಂಚನ್ನು ಹಾಗೆಯೇ ಬಿಟ್ಟು, ಹೊಳಪು ಕೊಟ್ಟಳು. ಅವಳ ಕೈಯಿಂದ ಹೋಗುತ್ತಿರುವ ಮೊದಲ ಕೆಟ್ಟ ಕೆಲಸ. ನಾಚಿಕೆಯಾಗಲಿಲ್ಲ. ಆಗಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಹಾಕಿಕೊಂಡ ಅವನು ಕನ್ನಡಿಯ ಮುಂದೆ ಹಲ್ಲು ಕಚ್ಚಿ ನೋಡಿದ, ತನ್ನ ಹೆಸರು ಹೇಳಿ ನೋಡಿದ. ಕಲ್ಲಿನಂತೆ ನಿಂತಿತ್ತು. “ನಿನ್ನ ಕೈ,” ಎಂದು ಶುರುಮಾಡಿ, ನಿಲ್ಲಿಸಿದ. ಆಮೇಲೆ, ಕೊಡುವವನ ಧಾಟಿಯಲ್ಲಿ, “ಆ ಡಾಕ್ಟರ ನಂಬರು ಇದೆಯಲ್ಲ, ಈಗಲೇ ಮಾಡ್ತೀನಿ. ನೀನೇ ಕೇಳಿಸಿಕೋ,” ಎಂದು ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

ಅವಳು ಅವನಿಗೆ ಬೆನ್ನು ಹಾಕಿ ಮಸಾಲೆಯ ಬಟ್ಟಲು ತೊಳೆಯುತ್ತಿದ್ದಳು. ಡಾಕ್ಟರ ದನಿ ಕೇಳಿಸಿತು, ಹಿಂದೆ ಯಾರದೋ ಮಗು ಅಳುವುದೂ ಕೇಳಿಸಿತು.

“ಆ ದಿನ ಕೇಳಿದ್ದಿರಲ್ಲ ಡಾಕ್ಟ್ರೇ. ಒಳ್ಳೇ ಕೆಲಸಗಾರ್ತಿ. ಅಂಥ ಕೈ ಇನ್ನೊಂದು ಸಿಗಲ್ಲ. ಕಳಕೊಂಡಿದ್ದು ನನ್ನ ನಷ್ಟ.”

ಇದನ್ನು ಕೇಳಲಿಕ್ಕೆ ಎಷ್ಟು ವರ್ಷ ಕಾದಿದ್ದಳು. ಕಿವಿಯ ತುದಿ ಬಿಸಿಯಾಯಿತು. ಅವನ ಬಾಯಿಂದ ಬಂದರೂ, ಬೆಲೆ ಕೊಟ್ಟು ಕೊಂಡಂತೆ ಬಂದರೂ, ಅದು ಬಿಸಿಯಾಯಿತು. ಆ ಕಿವಿಯನ್ನು ಕಿತ್ತು ಬಟ್ಟಲಿನ ಜೊತೆ ತೊಳೆದುಬಿಡಬೇಕು ಅನ್ನಿಸಿತು ಅವಳಿಗೆ.

“ಸಂತೋಷ ಸರ್,” ಎಂದರು ಡಾಕ್ಟರು. “ನನಗೂ ಅವರ ಕೆಲಸ ತುಂಬಾ ಹಿಡಿಸಿತ್ತು. ಆದರೆ ಒಂದು ಮಾತು. ಆ ದಿನ ಮತ್ತೆ ಯಾಕೆ ಅಷ್ಟೊಂದು ನಕ್ಕಿರಿ?”

“ಅಯ್ಯೋ, ಅದಾ,” ಎಂದು ಅವನು ತಲೆ ಹಿಂದಕ್ಕೆ ಹಾಕಿದ. ಅವಳಿಗೆ ನೋಡಬೇಕಾಗಿರಲಿಲ್ಲ. ತುಟಿ ಮೇಲೇರುವುದು ಬೆನ್ನಿಗೇ ಗೊತ್ತಾಯಿತು. ಕಟಕ್. ಅಂಗೈ ಬಾಯಿಗೆ ಬಡಿದ ಸದ್ದು. ನಲ್ಲಿಯ ನೀರು ಸುರಿಯುತ್ತಿತ್ತು. ಅವಳು ಅದನ್ನು ನಿಲ್ಲಿಸಿದಳು.

“ಹಲೋ? ಸರ್?”

ಅವನು ಹೆಬ್ಬೆರಳಿನಿಂದ ಪ್ಲೇಟನ್ನು ಮೇಲಕ್ಕೆ ಒತ್ತಿ ಕೂರಿಸಿ, ತುಟಿಯನ್ನು ಹಲ್ಲಿನ ಮೇಲೆ ಎಳೆದುಕೊಂಡ. ಮೀಸೆ ಬೋಳಿಸುವ ಮೊದಲಿನ ಮುಖ ಮರಳಿ ಬಂದಿತ್ತು.

“ಏನಿಲ್ಲ ಡಾಕ್ಟ್ರೇ,” ಎಂದ, ಒಂದೊಂದೇ ಮಾತನ್ನು ನೆಲದ ಮೇಲಿಡುತ್ತಾ. “ನಗೋ ಅಂಥದ್ದು ಏನೂ ಇರಲಿಲ್ಲ.”

“ಹಾಗಾದರೆ ಸರಿ. ನನ್ನ ಪಾಲುದಾರರಿಗೂ ಅದನ್ನೇ ಹೇಳ್ತೀನಿ. ಮೇಡಂಗೆ ನಾಳೆಯೇ ಬರೋದಕ್ಕೆ ಹೇಳಿ,” ಎಂದರು ಡಾಕ್ಟರು.

ಫೋನು ನಿಂತ ಮೇಲೆ ಅವನು ಅವಳನ್ನು ನೋಡಿದ. ಅರ್ಥವಾಗಿತ್ತು ಅವನಿಗೆ, ಅವನೂ ಕಸುಬಿನವನೇ. ಆದರೆ ಏನೆಂದು ದೂರುವುದು? ಅವಳು ಒಂದು ಕೆಟ್ಟ ಮಾತೂ ಆಡಿರಲಿಲ್ಲ. ಏನೂ ಹೇಳಿರಲಿಲ್ಲ. ಅವಳು ಕೈ ಒರೆಸಿಕೊಂಡು, ತನ್ನ ಹಳೆಯ ಚಾಕುವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

“ಅಂಚು ಸ್ವಲ್ಪ ಉದ್ದ ಆಗಿದೆ,” ಎಂದ ಅವನು, ಅಂಗೈಯ ಹಿಂದಿನಿಂದ.

“ಇರಬಹುದು.”

“ಸರಿ ಮಾಡಿಕೊಡು.”

ಅವಳು ಶೆಟರನ್ನು, ಬಗ್ಗದೆ ದಾಟುವಷ್ಟು, ಪೂರ್ತಿ ಮೇಲಕ್ಕೆ ಎತ್ತಿದಳು. ಬೆಳಕು ಅವನ ಮುಖದವರೆಗೂ ಹೋಯಿತು.

“ಕ್ಲಿನಿಕ್ಕಿಗೆ ಬನ್ನಿ,” ಎಂದಳು. “ಕೆಲಸದ ದಿನ. ಹೊರಗಡೆ ಹೆಸರು ಬರೆಸಿ, ಎಲ್ಲರ ಜೊತೆ ಕೂತಿರಿ. ಕರೀತೀನಿ.”